ಮೂಗಿನಲ್ಲಿ ನಳಿಕೆ, ಸೊಂಟದಲ್ಲಿ ಡಬ್ಬಿ: ಎದೆಯುರಿ ಅಳೆಯುವ 24 ಗಂಟೆ

ಪ್ರಶ್ನೆ: ನನಗೆ 47 ವರ್ಷ. ಊರು ಕುಂದಾಪುರದ ಕಡೆ, ಮನೆ ಡೊಂಬಿವಲಿ. ಮುಂಬೈ ಫೋರ್ಟಿನ ಒಂದು ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತೇನೆ. ಮನೆ ಸೇರುವಾಗ ರಾತ್ರಿ 12 ದಾಟುತ್ತದೆ. ಊಟ ಮಾಡಿ ಮಲಗಿದರೆ ಎದೆಯುರಿ, ಗಂಟಲಿಗೆ ಹುಳಿ ನೀರು. ಮೂರು ವರ್ಷದಿಂದ ಆಸಿಡ್ ಕಡಿಮೆ ಮಾಡುವ ಪ್ಯಾನ್-ಡಿ ತಗೊಳ್ತಿದ್ದೇನೆ, ಪೂರ್ತಿ ಗುಣವಿಲ್ಲ. ಇಸಿಜಿ, ಟ್ರೆಡ್‌ಮಿಲ್ ಟೆಸ್ಟ್ ಸರಿ ಇದೆ. ಎಂಡೋಸ್ಕೋಪಿಯೂ ನಾರ್ಮಲ್. ಈಗ ಡಾಕ್ಟರು ಮ್ಯಾನೊಮೆಟ್ರಿ ಮತ್ತು 24 ಗಂಟೆಯ ಪಿಎಚ್ ಟೆಸ್ಟ್ ಮಾಡಿಸಿ ಅಂದಿದ್ದಾರೆ. ಮೂಗಿನಿಂದ ಪೈಪ್ ಹಾಕ್ತಾರಂತೆ. ಮಾತ್ರೆ ಒಂದು ವಾರ ನಿಲ್ಲಿಸಬೇಕಂತೆ. ಎಂಡೋಸ್ಕೋಪಿಯೇ ಸರಿ ಇರುವಾಗ ಇದು ಬೇಕಾ? ತುಂಬಾ ನೋವಾಗುತ್ತಾ? ಪೈಪ್ ಇಟ್ಟುಕೊಂಡು ಟ್ರೈನಿನಲ್ಲಿ ಹೋಗಬಹುದಾ, ಕೆಲಸ ಮಾಡಬಹುದಾ? ಬಿಪಿಗೆ ಅಮ್ಲೋಡಿಪಿನ್ ಕೂಡ ತಗೊಳ್ತೇನೆ.

ಉತ್ತರ: ಭಯದಿಂದಲೇ ಶುರು ಮಾಡೋಣ. ನೋವು ಅನ್ನುವುದಕ್ಕಿಂತ ಕಿರಿಕಿರಿ ಅನ್ನಬೇಕು. ಎಂಡೋಸ್ಕೋಪಿಯ ಪೈಪು ಸುಮಾರು 9 ಮಿಲಿಮೀಟರ್ ದಪ್ಪ. ಅದನ್ನು ನೀವು ಆಗಲೇ ದಾಟಿ ಬಂದಿದ್ದೀರಿ. ಮ್ಯಾನೊಮೆಟ್ರಿ ಅಂದರೆ ನುಂಗುವಾಗ ಅನ್ನನಾಳದ ಒತ್ತಡ ಅಳೆಯುವ ಟೆಸ್ಟ್, ಅದರ ನಳಿಕೆ ಸುಮಾರು 4 ಮಿಲಿಮೀಟರ್, ಫೋನ್ ಚಾರ್ಜರಿನ ವೈರಿನಷ್ಟು. 24 ಗಂಟೆ ಇದ್ದು ಆಸಿಡ್ ಅಳೆಯುವ ಪಿಎಚ್ ನಳಿಕೆ ಬರೀ 2 ಮಿಲಿಮೀಟರ್, ಇಯರ್‌ಫೋನಿನ ವೈರಿನಷ್ಟು. ಕಲಿಯುವ ಕಾಲದಲ್ಲಿ ನಾನೇ ಒಮ್ಮೆ ಹಾಕಿಸಿಕೊಂಡಿದ್ದೆ. ಮೂಗಿನ ಹಿಂಭಾಗದಲ್ಲಿ ಅದು ಗಂಟಲಿಗೆ ತಿರುಗುವ ಜಾಗ ಇದೆಯಲ್ಲ, ಅಲ್ಲಿ ಕಣ್ಣಲ್ಲಿ ನೀರು ಬಂತು, ಒಂದೆರಡು ಸಲ ಓಕರಿಕೆ ಬಂತು. ಐದು ನಿಮಿಷ ಕಳೆದ ಮೇಲೆ ಸುಮ್ನೆ ಕೂತು ಮಾತಾಡುವಷ್ಟು ಆರಾಮ. ಇಂಜೆಕ್ಷನ್ ಕೊಟ್ಟು ಮಲಗಿಸುವುದಿಲ್ಲ. ಮಲಗಿಸಿದರೆ ಟೆಸ್ಟೇ ಆಗುವುದಿಲ್ಲ, ಏಕೆಂದರೆ ನುಂಗಬೇಕಾದವರು ನೀವೇ.

ಇನ್ನು ಎಂಡೋಸ್ಕೋಪಿ ನಾರ್ಮಲ್ ಬಂದ ವಿಷಯ. ಎಂಡೋಸ್ಕೋಪಿ ಒಂದು ಫೋಟೋ. ಅನ್ನನಾಳದ ಒಳಗೋಡೆಯಲ್ಲಿ ಹುಣ್ಣಿದೆಯಾ, ಗಾಯವಿದೆಯಾ, ಗಡ್ಡೆ ಇದೆಯಾ ಎಂದು ಅದು ತೋರಿಸುತ್ತದೆ. ಆದರೆ ಎದೆಯುರಿ ಎಂದು ಬರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಗೋಡೆ ನೋಡಲು ಚೆನ್ನಾಗಿಯೇ ಇರುತ್ತದೆ. ಆಸಿಡ್ ಮೇಲೆ ಬಂದು ಹೋಗುತ್ತದೆ, ಗುರುತು ಬಿಡುವುದಿಲ್ಲ. ಜೊತೆಗೆ ನೀವು ಮೂರು ವರ್ಷ ಮಾತ್ರೆ ತಗೊಂಡಿದ್ದೀರಿ. ಗಾಯ ಇದ್ದರೂ ಅದು ಮಾಗಿರುತ್ತದೆ.

ನಮ್ಮವರು ಇದನ್ನೆಲ್ಲ ಒಟ್ಟಾರೆ 'ಗ್ಯಾಸ್ಟ್ರಿಕ್' ಅನ್ನುತ್ತಾರೆ. ಪಕ್ಕದ ಮನೆಯ ಮರಾಠಿಯವರು 'ಪಿತ್ತ' ಅನ್ನುತ್ತಾರೆ. ಹೆಸರು ಒಂದೇ ಆದರೂ ಒಳಗಿನ ಕಥೆ ನಾಲ್ಕೈದು ಬಗೆ. ಒಬ್ಬರಿಗೆ ನಿಜವಾಗಿಯೂ ಆಸಿಡ್ ಹೆಚ್ಚು ಹೊತ್ತು ಮೇಲೆ ನಿಲ್ಲುತ್ತದೆ. ಇನ್ನೊಬ್ಬರಿಗೆ ಎಲ್ಲರಷ್ಟೇ ಬರುತ್ತದೆ, ಆದರೆ ಅನ್ನನಾಳದ ನರಗಳು ಅಷ್ಟಕ್ಕೇ ಕೂಗಿಕೊಳ್ಳುತ್ತವೆ. ಮತ್ತೊಬ್ಬರಿಗೆ ಉರಿಗೂ ಆಸಿಡ್‌ಗೂ ಸಂಬಂಧವೇ ಇಲ್ಲ. ಇನ್ನು ಕೆಲವರಿಗೆ ಅನ್ನನಾಳದ ಕೆಳಗಿನ ಬಾಗಿಲು ತೆರೆಯುವುದೇ ಇಲ್ಲ. ತಿಂದದ್ದು ಅಲ್ಲೇ ನಿಂತು ಹುಳಿಯಾಗಿ ಮೇಲೆ ಬರುತ್ತದೆ. ನಾಲ್ವರೂ ಮೆಡಿಕಲ್ ಅಂಗಡಿಯಲ್ಲಿ ಒಂದೇ ಮಾತ್ರೆ ಕೇಳುತ್ತಾರೆ. ನೀವು ಇವರಲ್ಲಿ ಯಾರು ಎಂದು ತಿಳಿಯುವುದಕ್ಕೇ ಈ ಎರಡು ಟೆಸ್ಟ್.

ಒಂದು ಮಾತು ಮೊದಲೇ ಕೇಳಿಬಿಡುತ್ತೇನೆ. ಮಾತ್ರೆ ಯಾವಾಗ ತಗೊಳ್ತೀರಿ? ಹೋಟೆಲ್ ಕೆಲಸದವರಲ್ಲಿ ನಾನು ನೋಡಿದ್ದು ಇಷ್ಟು: ಬೆಳಿಗ್ಗೆ ಚಹಾದ ಜೊತೆ ಮಾತ್ರೆ, ಆಮೇಲೆ ಮಧ್ಯಾಹ್ನ 3 ಗಂಟೆವರೆಗೆ ಸರಿಯಾದ ಊಟವಿಲ್ಲ. ಈ ಮಾತ್ರೆ ಹೊಟ್ಟೆಯಲ್ಲಿ ಕೆಲಸ ಮಾಡುತ್ತಿರುವ ಆಸಿಡ್ ಪಂಪುಗಳನ್ನು ಮಾತ್ರ ಮುಚ್ಚುತ್ತದೆ. ಪಂಪು ಶುರುವಾಗುವುದು ಊಟ ಬಿದ್ದಾಗ. ಹಾಗಾಗಿ ಊಟಕ್ಕೆ 30ರಿಂದ 60 ನಿಮಿಷ ಮೊದಲು ತಗೊಳ್ಳಬೇಕು. ಇಷ್ಟು ದಿನ ತಪ್ಪು ಹೊತ್ತಿಗೆ ನುಂಗಿದ್ದರೆ ಅದನ್ನು ನಿಮ್ಮ ಡಾಕ್ಟರಿಗೆ ಹೇಳಿ. ಕೆಲವೊಮ್ಮೆ ಹೊತ್ತು ಸರಿ ಮಾಡಿದರೇ ಅರ್ಧ ತೊಂದರೆ ಹೋಗುತ್ತದೆ. ಸರಿಯಾಗಿ ತಗೊಂಡೂ ಹೋಗದಿದ್ದರೆ ಟೆಸ್ಟ್ ಬೇಕೇ ಬೇಕು.

ಈಗ ತಯಾರಿ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಟೆಸ್ಟ್ ಹಾಳಾಗುವುದು ಹೆಚ್ಚಾಗಿ ಇಲ್ಲೇ.

ನಿಮ್ಮ ಎಂಡೋಸ್ಕೋಪಿಯಲ್ಲಿ ಏನೂ ಸಿಕ್ಕಿಲ್ಲ. ಅಂದರೆ ರಿಫ್ಲಕ್ಸ್, ಹೊಟ್ಟೆಯ ಆಸಿಡ್ ಮೇಲೆ ಬರುವ ಕಾಯಿಲೆ, ಇದೆ ಎಂದು ಇನ್ನೂ ಸಾಬೀತಾಗಿಲ್ಲ. ಅಂಥವರಿಗೆ ಮಾತ್ರೆ ನಿಲ್ಲಿಸಿಯೇ ಟೆಸ್ಟ್ ಮಾಡುವುದು ಸರಿಯಾದ ಕ್ರಮ. ಪ್ಯಾಂಟೊಪ್ರಜೋಲ್ (ನಿಮ್ಮ ಪ್ಯಾನ್-ಡಿಯ 'ಪ್ಯಾನ್'), ರಾಬೆಪ್ರಜೋಲ್, ಒಮೆಪ್ರಜೋಲ್ ಜಾತಿಯವು 7 ದಿನ ಮೊದಲು ನಿಲ್ಲಬೇಕು. ಫ್ಯಾಮೋಟಿಡಿನ್, ರಾನಿಟಿಡಿನ್ ಇದ್ದರೆ 3 ದಿನ ಮೊದಲು. ಹಿಂದೆ ಎಂಡೋಸ್ಕೋಪಿಯಲ್ಲಿ ದೊಡ್ಡ ಗಾಯ ಸಿಕ್ಕಿದ್ದವರಿಗೆ ಮಾತ್ರ ಕೆಲವೊಮ್ಮೆ ಮಾತ್ರೆ ತಗೊಳ್ಳುತ್ತಲೇ ಟೆಸ್ಟ್ ಮಾಡುತ್ತೇವೆ. ಅಲ್ಲಿ ಪ್ರಶ್ನೆಯೇ ಬೇರೆ: ರಿಫ್ಲಕ್ಸ್ ಇದೆ ಎಂದು ಗೊತ್ತು, ಮಾತ್ರೆಗೆ ಅದು ಬಗ್ಗುತ್ತಿದೆಯಾ ಎಂದು ನೋಡಬೇಕು. ಹಾಗಾಗಿ ಪಕ್ಕದವರಿಗೆ ನಿಲ್ಲಿಸಲು ಹೇಳಲಿಲ್ಲ, ನನಗೇಕೆ ಹೇಳಿದರು ಎಂದು ಹೋಲಿಸಬೇಡಿ.

ಪ್ಯಾನ್-ಡಿ ತಗೊಳ್ಳುವವರಿಗೆ ಗೊತ್ತಿಲ್ಲದ ಒಂದು ವಿಷಯವಿದೆ. ಆ 'ಡಿ' ಅಂದರೆ ಡೊಂಪೆರಿಡೋನ್. ಹೊಟ್ಟೆ ಬೇಗ ಖಾಲಿಯಾಗಲಿ ಎಂದು ಸೇರಿಸಿದ ಇನ್ನೊಂದು ಔಷಧಿ. ಅದೂ ಟೆಸ್ಟಿಗೆ ಅಡ್ಡಿ ಬರುತ್ತದೆ, ಕ್ಯಾಪ್ಸೂಲಿನ ಜೊತೆ ಅದೂ ನಿಲ್ಲುತ್ತದೆ. 'ಡಿ' ಇರುವುದು ಬೇಡ ಅಂದರಲ್ಲ, ಬರೀ ಪ್ಯಾನ್ 40 ತಗೊಂಡೆ ಎಂದು ಬಂದವರನ್ನು ವಾಪಸ್ ಕಳಿಸಿದ್ದೂ ಉಂಟು. ಎರಡೂ ಬೇಡ.

ಆ ಒಂದು ವಾರ ಉರಿ ಜಾಸ್ತಿಯಾಗುತ್ತದೆ. ಹೆದರಬೇಡಿ, ಎಷ್ಟೋ ದಿನ ಮುಚ್ಚಿಟ್ಟ ಪಂಪುಗಳು ಒಟ್ಟಿಗೆ ಎದ್ದರೆ ಹೀಗಾಗುವುದು ಸಹಜ. ಡೈಜೀನ್, ಜೆಲುಸಿಲ್ ಥರದ ದ್ರವ ಔಷಧಿಯಿಂದ ದಿನ ದೂಡಬಹುದು, ಟೆಸ್ಟಿನ ಹಿಂದಿನ ದಿನದವರೆಗೆ ಮಾತ್ರ. ಟೆಸ್ಟಿನ ದಿನ ಅದೂ ಇಲ್ಲ, ಈನೋ ಕೂಡ ಇಲ್ಲ. ಎರಡು ದಿಂಬು ಇಟ್ಟು ಮಲಗಿ. ಎಡಮಗ್ಗುಲಾಗಿ ಮಲಗಿದರೆ ಆಸಿಡ್ ಕಡಿಮೆ ಬರುತ್ತದೆ, ಈ ವಾರಕ್ಕೆ ಅದೂ ನೆರವಾಗುತ್ತದೆ. ಆದರೆ ನುಂಗಿದ್ದು ಸಿಕ್ಕಿಕೊಳ್ಳುವುದು, ಕಪ್ಪು ಮಲ, ರಕ್ತವಾಂತಿ, ಬೆವರಿನ ಜೊತೆ ಎದೆನೋವು ಇಂಥವು ಕಂಡರೆ ಟೆಸ್ಟಿನ ದಿನಕ್ಕೆ ಕಾಯಬೇಡಿ. ಇಸಿಜಿ ಹಿಂದೆ ಸರಿ ಇತ್ತು ಅನ್ನುವುದು ಮುಂದಿನ ಎದೆನೋವಿಗೆ ಗ್ಯಾರಂಟಿ ಅಲ್ಲ. ಹೃದಯ ಮತ್ತು ಅನ್ನನಾಳ ಪಕ್ಕಪಕ್ಕದ ಖೋಲಿಯಲ್ಲಿರುವ ಬಾಡಿಗೆದಾರರು. ಯಾರ ಮನೆಯ ಕೂಗು ಎಂದು ಹೊರಗಿನಿಂದ ಹೇಳಲಾಗದು.

ಅಮ್ಲೋಡಿಪಿನ್ ವಿಷಯ ಕೇಳಿದ್ದೀರಿ. ಈ ಜಾತಿಯ ಬಿಪಿ ಮಾತ್ರೆಗಳು ಅನ್ನನಾಳದ ಕೆಳಗಿನ ಬಾಗಿಲನ್ನೂ ಸ್ವಲ್ಪ ಸಡಿಲ ಮಾಡುತ್ತವೆ. ಹಾಗೆಂದು ನೀವೇ ನಿಲ್ಲಿಸಬೇಡಿ. ಬಿಪಿ ಏರಿ ಆಸ್ಪತ್ರೆ ಸೇರುವುದಕ್ಕಿಂತ ಒಂದು ಗ್ರಾಫ್ ಸ್ವಲ್ಪ ಆಚೀಚೆ ಆಗುವುದು ಮೇಲು. ಏನು ಮಾಡಬೇಕೆಂದು ನಿಮ್ಮ ಡಾಕ್ಟರು ಹೇಳಲಿ. ತಗೊಳ್ಳುವ ಎಲ್ಲ ಔಷಧಿಯ ಚೀಟಿ ಒಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ, ಮೂಗಿನ ಎಲುಬು ಸೊಟ್ಟ ಇದ್ದರೆ, ಮೂಗಿನ ಆಪರೇಷನ್ ಆಗಿದ್ದರೆ ಮೊದಲೇ ಹೇಳಿ. ಸಕ್ಕರೆ ಕಾಯಿಲೆಯವರು ಹೊಟ್ಟೆ ಖಾಲಿ ಇರುವ ಹೊತ್ತಿನ ಇನ್ಸುಲಿನ್ ಬಗ್ಗೆ ಕೇಳಿಕೊಳ್ಳಬೇಕು.

ಹಿಂದಿನ ರಾತ್ರಿ ಊಟ ಮುಗಿಸಿ. ಟೆಸ್ಟಿಗೆ ಮೊದಲು 6 ಗಂಟೆ ಏನೂ ತಿನ್ನುವಂತಿಲ್ಲ. ಬೆಳಿಗ್ಗೆ ಸ್ನಾನ ಚೆನ್ನಾಗಿ ಮಾಡಿ, ಮುಂದಿನ 24 ಗಂಟೆ ಸ್ನಾನವಿಲ್ಲ. ಗಡ್ಡ ತೆಗೆದು ಹೋಗಿ, ಮುಖಕ್ಕೆ ಎಣ್ಣೆ, ಕ್ರೀಮ್ ಬೇಡ. ನಳಿಕೆಯನ್ನು ಕೆನ್ನೆಗೆ ಟೇಪಿನಿಂದ ಅಂಟಿಸುತ್ತಾರೆ, ಮುಂಬೈಯ ಬೆವರಿಗೆ ಟೇಪು ಮೊದಲೇ ನಿಲ್ಲುವುದಿಲ್ಲ. ಗುಂಡಿ ಇರುವ ಅಂಗಿ ಹಾಕಿ. ತಲೆ ಮೇಲಿಂದ ಎಳೆಯುವ ಟೀಶರ್ಟ್ ತೆಗೆಯುವಾಗ ನಳಿಕೆಯೂ ಅದರ ಜೊತೆ ಬಂದ ಪ್ರಸಂಗಗಳಿವೆ.

ಮೊದಲು ಮ್ಯಾನೊಮೆಟ್ರಿ. ಮೂಗಿಗೆ ಮರಗಟ್ಟಿಸುವ ಜೆಲ್ಲಿ ಹಚ್ಚಿ, ಕೂತಿರುವಾಗಲೇ ನಳಿಕೆ ಇಳಿಸುತ್ತಾರೆ. ಗಲ್ಲವನ್ನು ಎದೆಯ ಕಡೆಗೆ ಬಾಗಿಸಿ ಸ್ಟ್ರಾದಿಂದ ನೀರು ಗುಟುಕರಿಸಲು ಹೇಳುತ್ತಾರೆ. ಗುಟುಕಿನ ಜೊತೆ ನಳಿಕೆ ತಾನೇ ಒಳಗೆ ಜಾರುತ್ತದೆ. ಬಾಯಿಂದ ನಿಧಾನ ಉಸಿರು ಬಿಡಿ. ನಳಿಕೆ ಹೋಗುವುದು ಅನ್ನದ ದಾರಿಯಲ್ಲಿ, ಉಸಿರಿನ ದಾರಿಯಲ್ಲಲ್ಲ, ಹಾಗಾಗಿ ಉಸಿರು ಕಟ್ಟುವುದಿಲ್ಲ. ಆಮೇಲೆ ಮಲಗಿಸಿ 5 ಮಿಲಿಲೀಟರ್ ನೀರು ಕೊಟ್ಟು 'ನುಂಗಿ' ಅನ್ನುತ್ತಾರೆ. ಹೀಗೆ 10 ಸಲ. ಬಳಿಕ ಕೂರಿಸಿ ಇನ್ನು ಕೆಲವು ಸಲ. ನಳಿಕೆಯಲ್ಲಿ ಸಾಮಾನ್ಯವಾಗಿ ಸೆಂಟಿಮೀಟರಿಗೊಂದರಂತೆ 36 ಸೆನ್ಸರ್‌ಗಳಿರುತ್ತವೆ. ಪರದೆಯ ಮೇಲೆ ಒತ್ತಡ ಹೆಚ್ಚಿದ್ದಲ್ಲಿ ಕೆಂಪು, ಕಡಿಮೆ ಇದ್ದಲ್ಲಿ ನೀಲಿ. ನುಂಗಿದ ಅಲೆ ಮೇಲಿಂದ ಕೆಳಗೆ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಅವಕಾಶ ಸಿಕ್ಕಿದರೆ ನೀವೂ ನೋಡಿ, ಚಂದ ಇರುತ್ತದೆ.

ಕಷ್ಟ ಒಂದೇ. ಒಂದು ಗುಟುಕಿನ ನಂತರ ಅರ್ಧ ನಿಮಿಷ ಮತ್ತೆ ನುಂಗಬಾರದು. ನುಂಗಬೇಡಿ ಅಂದ ಕೂಡಲೇ ಬಾಯಿ ತುಂಬಾ ಜೊಲ್ಲು! ಟೆಕ್ನಿಷಿಯನ್ ಗದರಿದರೆ ಬೇಜಾರಾಗಬೇಡಿ, ಕಾರಣವಿದೆ. ಎರಡನೇ ಸಲ ನುಂಗಿದ ತಕ್ಷಣ ಅನ್ನನಾಳ ಮೊದಲಿನ ಅಲೆಯನ್ನು ಅಲ್ಲೇ ಬಿಟ್ಟುಬಿಡುತ್ತದೆ. ಆರೋಗ್ಯವಂತ ಅನ್ನನಾಳದ ಗುಣವೇ ಅದು. ಟೆಸ್ಟಿನ ಕೊನೆಗೆ ಇದನ್ನೇ ಬೇಕೆಂದು ಮಾಡಿಸುತ್ತಾರೆ: 2 ಮಿಲಿಲೀಟರಿನಂತೆ ಐದು ಗುಟುಕು ಬೆನ್ನುಬೆನ್ನಿಗೆ. ಆಗ ಅನ್ನನಾಳ ಸುಮ್ಮನಿದ್ದು, ಐದನೆಯದರ ನಂತರ ಒಂದು ದೊಡ್ಡ ಅಲೆ ಕಳಿಸಬೇಕು. ಅದಕ್ಕೆ ಎಷ್ಟು ಬಲ ಉಳಿದಿದೆ ಎಂದು ಇದರಿಂದ ಗೊತ್ತಾಗುತ್ತದೆ. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ.

ಆಸಿಡ್ ಟೆಸ್ಟಿಗೆ ಮೊದಲು ಇದೇಕೆ ಎಂದು ಕೇಳಬಹುದು. ಎರಡು ಕಾರಣ. ಒಂದು, ಪಿಎಚ್ ಸೆನ್ಸರ್ ಕೆಳಗಿನ ಬಾಗಿಲಿನ ಮೇಲಂಚಿನಿಂದ ಸರಿಯಾಗಿ 5 ಸೆಂಟಿಮೀಟರ್ ಮೇಲೆ ಕೂರಬೇಕು. ಬಾಗಿಲು ಎಲ್ಲಿದೆ ಎಂದು ಮ್ಯಾನೊಮೆಟ್ರಿ ಹೇಳುತ್ತದೆ. ಎರಡನೆಯದು ಹೆಚ್ಚು ಮುಖ್ಯ. ಬಾಗಿಲು ತೆರೆಯದ ಕಾಯಿಲೆಗೆ ಅಕಲೇಸಿಯಾ ಎಂದು ಹೆಸರು. ಅದರಲ್ಲೂ ಎದೆಯುರಿ, ಹುಳಿ ನೀರು ಬರುತ್ತದೆ. ಅಂಥವರನ್ನು ರಿಫ್ಲಕ್ಸ್ ಎಂದು ತಿಳಿದು ಬಾಗಿಲು ಬಿಗಿ ಮಾಡುವ ಆಪರೇಷನ್ ಮಾಡಿದರೆ ಅನ್ನ ಇಳಿಯುವುದೇ ನಿಂತುಹೋಗುತ್ತದೆ. ಅವರಿಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧ, ಬಾಗಿಲು ಸಡಿಲ ಮಾಡುವ ಚಿಕಿತ್ಸೆ. ನಿಮಗೆ ಅನ್ನ, ಚಪಾತಿ ಎದೆಯಲ್ಲಿ ಸಿಕ್ಕಿಕೊಂಡು ನೀರು ಕುಡಿದು ಇಳಿಸುವ ಅಭ್ಯಾಸ ಇದ್ದರೆ ಇವತ್ತೇ ಡಾಕ್ಟರಿಗೆ ಹೇಳಿ.

ನಂತರ ಸಣ್ಣ ನಳಿಕೆ ಹಾಕಿ ಅದರ ತುದಿಯನ್ನು ಸೊಂಟದ ಡಬ್ಬಿಗೆ ಜೋಡಿಸಿ ಮನೆಗೆ ಕಳಿಸುತ್ತಾರೆ. ನಾಳೆ ಇದೇ ಹೊತ್ತಿಗೆ ಬನ್ನಿ ಅನ್ನುತ್ತಾರೆ. ಜನ ತಪ್ಪು ಮಾಡುವುದು ಈಗ.

ಕೆಲವು ವರ್ಷದ ಹಿಂದೆ ಒಬ್ಬರು ಬಂದಿದ್ದರು. ನಿಮ್ಮ ಹಾಗೆಯೇ ರಾತ್ರಿ ಉರಿ. ಟೆಸ್ಟಿನ ದಿನ ರಜೆ ಹಾಕಿ, ಮೊಸರನ್ನ ಎರಡು ತುತ್ತು ತಿಂದು, ಸಂಜೆ 7ಕ್ಕೇ ಊಟ ಮುಗಿಸಿ, ಕುರ್ಚಿಯಲ್ಲಿ ನೆಟ್ಟಗೆ ಕೂತೇ ರಾತ್ರಿ ಕಳೆದರು. ಮೂಗಿನಲ್ಲಿ ಪೈಪ್ ಇದೆಯಲ್ಲ ಎಂಬ ಹೆದರಿಕೆ. ರಿಪೋರ್ಟ್ ಪೂರ್ತಿ ನಾರ್ಮಲ್. ನಾವು ಅಳೆದದ್ದು ಅವರ ಕಾಯಿಲೆಯನ್ನಲ್ಲ, ಅವರ ಒಂದು ದಿನದ ವ್ರತವನ್ನು. ಮತ್ತೆ ಟೆಸ್ಟ್ ಮಾಡಬೇಕಾಯಿತು.

ನೀವು ಹಾಗೆ ಮಾಡಬೇಡಿ. ಗಲ್ಲಾದಲ್ಲಿ ಕೂರುವ ದಿನವಾದರೆ ಕೂರಿ. ರಾತ್ರಿ 12ಕ್ಕೆ ಉಣ್ಣುವವರಾದರೆ 12ಕ್ಕೇ ಉಣ್ಣಿ. ಮೀನು ಸಾರು ತಿಂದರೆ ಉರಿಯುತ್ತದೆ ಎಂದಾದರೆ ಅದೇ ಸಾರು ಮಾಡಿಸಿ. ಊಟವಾಗಿ ಹತ್ತು ನಿಮಿಷಕ್ಕೆ ಮಲಗುವವರು ಹಾಗೆಯೇ ಮಲಗಿ. ಬೇರೆ ದಿನ ಬೇಡ ಎಂದು ನಾವೇ ಬೈಯುವುದನ್ನೆಲ್ಲ ಈ ಒಂದು ದಿನ ಮಾಡಿ ಅನ್ನುತ್ತಿದ್ದೇವೆ, ವಿಚಿತ್ರ ಅಲ್ವಾ? ನಳಿಕೆ ಇರುವಾಗ ಗಂಟಲು ಚುಚ್ಚಿದ ಹಾಗಾಗಿ ಊಟ ಸ್ವಲ್ಪ ಕಡಿಮೆಯೇ ಸೇರುತ್ತದೆ. ಆದರೂ ಆದಷ್ಟು ಎಂದಿನಂತೆ ಇರಿ.

ಡಬ್ಬಿಯಲ್ಲಿ ಗುಂಡಿಗಳಿರುತ್ತವೆ. ಊಟ ಶುರುವಾದಾಗ, ಮುಗಿದಾಗ, ಮಲಗುವಾಗ, ಏಳುವಾಗ ಒತ್ತಬೇಕು. ಉರಿ, ಹುಳಿ ನೀರು, ಕೆಮ್ಮು, ಎದೆನೋವು ಪ್ರತಿಯೊಂದಕ್ಕೂ ಆಗಲೇ ಒತ್ತಬೇಕು. ಜೊತೆಗೆ ಕೊಟ್ಟ ಹಾಳೆಯಲ್ಲಿ ಡಬ್ಬಿಯ ಗಡಿಯಾರ ನೋಡಿ ಹೊತ್ತು ಬರೆಯಿರಿ, ಕೈಗಡಿಯಾರ ನೋಡಿ ಅಲ್ಲ. ಉರಿಗೂ ಆಸಿಡ್‌ಗೂ ನಂಟಿದೆಯಾ ಎಂದು ನೋಡುವಾಗ ಉರಿಗೆ ಮುಂಚಿನ 2 ನಿಮಿಷವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇವೆ. ಗಿರಾಕಿಗೆ ಚಿಲ್ಲರೆ ಕೊಟ್ಟು ಆಮೇಲೆ ಒತ್ತೋಣ ಎಂದು ಐದು ನಿಮಿಷ ಬಿಟ್ಟರೆ ಆ ಉರಿಯ ಲೆಕ್ಕ ತಪ್ಪಿತು. ರಾತ್ರಿ ನಿದ್ದೆಯಿಂದ ಎದ್ದು ಉರಿ ಎಂದರೂ ಒತ್ತಿ. ಮನೆಯವರಿಗೂ ಹೇಳಿಟ್ಟಿರಿ.

ಊಟಗಳ ನಡುವೆ ಹುಳಿ ಪಾನೀಯ ಗುಟುಕರಿಸಬೇಡಿ. ನಮ್ಮವರು ಪಿತ್ತಕ್ಕೆ ಒಳ್ಳೆಯದು ಎಂದು ಪುನರ್ಪುಳಿ ಶರಬತ್ತು ಕುಡಿಯುತ್ತಾರೆ, ಇಲ್ಲಿನವರ ಕೋಕಮ್ ಕೂಡ ಅದೇ. ಅದು ಹುಳಿ. ಕೆಳಗಿನಿಂದ ಬಂದ ಆಸಿಡ್ಡೋ ಮೇಲಿಂದ ಇಳಿದ ಶರಬತ್ತೋ ಎಂದು ಪಿಎಚ್ ಸೆನ್ಸರಿಗೆ ಗೊತ್ತಾಗುವುದಿಲ್ಲ. ಲಿಂಬೆ ಶರಬತ್ತು, ಸೋಡಾ, ಕೋಲಾ ಎಲ್ಲಕ್ಕೂ ಇದೇ ಮಾತು. ಕುಡಿಯಲೇಬೇಕಾದರೆ ಊಟದ ಜೊತೆ ಕುಡಿದು ಊಟದ ಗುಂಡಿ ಒತ್ತಿ. ಕಟಿಂಗ್ ಚಹಾವನ್ನು ಗಂಟೆಗೊಂದು ಕುಡಿಯುವವರು ಪ್ರತಿಯೊಂದನ್ನೂ ಬರೆಯಬೇಕು. ಗುಟ್ಕಾ, ಎಲೆಅಡಿಕೆ, ಚೂಯಿಂಗ್ ಗಮ್ ಬೇಡ. ಅಗಿಯುತ್ತಿದ್ದರೆ ಜೊಲ್ಲು ಇಳಿದು ಆಸಿಡ್ಡನ್ನು ತೊಳೆದುಬಿಡುತ್ತದೆ.

ಟ್ರೈನ್? ಹೋಗಬಹುದು, ಆದರೆ ಗರ್ದಿಯಲ್ಲಿ ಬೇಡ. ಬೆಳಿಗ್ಗೆ 8ರ ಡೊಂಬಿವಲಿ ಫಾಸ್ಟ್‌ನಲ್ಲಿ ಯಾರದೋ ಬ್ಯಾಗಿನ ಪಟ್ಟಿಗೆ ಸಿಕ್ಕಿ ನಳಿಕೆ ಹೊರಗೆ ಬಂದರೆ ವಾರದ ಉರಿ ಅನುಭವಿಸಿದ್ದು ದಂಡ. ಟೆಸ್ಟನ್ನು ಬೆಳಿಗ್ಗೆ 10-11ಕ್ಕೆ ಇಡಿಸಿ, ಮುಗಿಸಿ ಹಾಗೇ ಕೆಲಸಕ್ಕೆ ಹೋಗಿ, ರಾತ್ರಿ ಖಾಲಿ ಗಾಡಿಯಲ್ಲಿ ಮನೆಗೆ ಬನ್ನಿ. ಮಳೆಗಾಲವಾದರೆ ಡಬ್ಬಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ, ಅದಕ್ಕೆ ನೀರು ತಾಗಬಾರದು. ಜನ ನೋಡುತ್ತಾರೆ ಎಂಬ ಸಂಕೋಚವಿದ್ದರೆ ಮಾಸ್ಕ್ ಹಾಕಿಕೊಳ್ಳಿ, ಈಗ ಯಾರೂ ಕೇಳುವುದಿಲ್ಲ. ಮೂಗಿನ ಹತ್ತಿರ ನಳಿಕೆಯ ಮೇಲೆ ಒಂದು ಅಂಕಿ ಕಾಣುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಅಂಕಿ ಬದಲಾಗಿದ್ದರೆ ನೀವೇ ಒಳಗೆ ತಳ್ಳಬೇಡಿ, ಫೋನ್ ಮಾಡಿ.

ನಳಿಕೆಯೇ ಬೇಡ ಅನ್ನುವವರಿಗೆ ಸಣ್ಣ ಕ್ಯಾಪ್ಸೂಲನ್ನು ಎಂಡೋಸ್ಕೋಪಿಯಲ್ಲಿ ಅನ್ನನಾಳದ ಗೋಡೆಗೆ ಚುಚ್ಚಿ ಕೂರಿಸುವ ವಿಧಾನವೂ ಇದೆ. ನಾಲ್ಕು ದಿನದವರೆಗೂ ಅಳೆಯುತ್ತದೆ, ಆಮೇಲೆ ತಾನೇ ಬಿದ್ದು ಮಲದಲ್ಲಿ ಹೋಗುತ್ತದೆ. ಎಲ್ಲ ಕಡೆ ಸಿಗುವುದಿಲ್ಲ, ದುಬಾರಿ ಕೂಡ. ನಿಮಗೆ ಹುಳಿ ನೀರು ಗಂಟಲಿಗೆ ಬರುವುದರಿಂದ ನಾನು ನಳಿಕೆಯನ್ನೇ, ಅದರಲ್ಲೂ ಇಂಪೀಡೆನ್ಸ್ ಇರುವುದನ್ನೇ ಆರಿಸುತ್ತೇನೆ. ಅದು ಆಸಿಡ್ ಅಲ್ಲದ ದ್ರವ ಮೇಲೆ ಬಂದರೂ, ಬರೀ ಗಾಳಿ ಬಂದರೂ ಹಿಡಿಯುತ್ತದೆ. ಯಾವುದು ಮಾಡುತ್ತಾರೆ ಎಂದು ಕೇಳಿಕೊಳ್ಳಿ. ಖರ್ಚಿನ ಚಿಂತೆಯಿದ್ದರೆ ಪರೇಲಿನ ಕೆಇಎಂ, ಸಯನ್ ಆಸ್ಪತ್ರೆ, ಮುಂಬೈ ಸೆಂಟ್ರಲ್ಲಿನ ನಾಯರ್, ಪಾಲಿಕೆಯ ಈ ದೊಡ್ಡ ಆಸ್ಪತ್ರೆಗಳ ಗ್ಯಾಸ್ಟ್ರೋ ವಿಭಾಗದಲ್ಲಿ ಮೊದಲು ವಿಚಾರಿಸಿ.

ರಿಪೋರ್ಟಿನಲ್ಲಿ ತುಂಬಾ ಅಂಕಿಗಳಿರುತ್ತವೆ. ಮೊದಲು ನೋಡಬೇಕಾದದ್ದು ಆಸಿಡ್ ಎಕ್ಸ್‌ಪೋಶರ್ ಟೈಮ್. ಅನ್ನನಾಳದಲ್ಲಿ ಪಿಎಚ್ 4ಕ್ಕಿಂತ ಕೆಳಗೆ (ಈ ಅಂಕಿ ಇಳಿದಷ್ಟೂ ಆಸಿಡ್ ಜಾಸ್ತಿ) ಎಷ್ಟು ಹೊತ್ತು ಇತ್ತು ಎಂಬುದು. ತಜ್ಞರು ಸೇರಿ ಒಪ್ಪಿದ 2018ರ ಲಿಯೋನ್ ಒಮ್ಮತದ ಪ್ರಕಾರ 4 ಶೇಕಡಕ್ಕಿಂತ ಕಡಿಮೆ ಇದ್ದರೆ ನಾರ್ಮಲ್, 6 ಶೇಕಡ ದಾಟಿದರೆ ರಿಫ್ಲಕ್ಸ್ ಖಚಿತ. 24 ಗಂಟೆಯಲ್ಲಿ 6 ಶೇಕಡ ಅಂದರೆ ಸುಮಾರು 86 ನಿಮಿಷ. ಅಂದರೆ ಆರೋಗ್ಯವಂತರಿಗೂ ದಿನಕ್ಕೆ ಸ್ವಲ್ಪ ಆಸಿಡ್ ಮೇಲೆ ಬಂದೇ ಬರುತ್ತದೆ, ಸೊನ್ನೆ ಯಾರಿಗೂ ಇಲ್ಲ. 4 ಮತ್ತು 6ರ ನಡುವೆ ಇದ್ದರೆ ಬೇರೆ ಅಂಕಿಗಳನ್ನು ಸೇರಿಸಿ ತೂಗುತ್ತೇವೆ.

6 ದಾಟಿದರೆ ಮಾತ್ರೆ ನಿಮಗೆ ನಿಜವಾಗಿ ಬೇಕು. ಹೊತ್ತು, ಪ್ರಮಾಣ ಸರಿ ಮಾಡುವುದು, ರಾತ್ರಿಯ ಊಟ ಹೋಟೆಲಿನಲ್ಲೇ 9ಕ್ಕೆ ಮುಗಿಸುವುದು, ಬೇಕಾದರೆ ಆಪರೇಷನ್, ಇವೆಲ್ಲ ಮಾತಾಡಬಹುದು. 4ರ ಕೆಳಗಿದ್ದು ಉರಿಯ ಗುಂಡಿಗಳು ಆಸಿಡ್ ಬಂದ ಹೊತ್ತಿಗೇ ಕೂಡಿಬಂದರೆ ಅದು ಸೂಕ್ಷ್ಮ ಅನ್ನನಾಳ. ಕೂಡದೇ ಹೋದರೆ ಉರಿ ಬೇರೆ ಕಾರಣದ್ದು. ಆಗ ಆಸಿಡ್ ಮಾತ್ರೆ ಎಷ್ಟು ನುಂಗಿದರೂ ಗುಣವಾಗದು. ನರಗಳ ಕೂಗು ತಗ್ಗಿಸುವ ಕಡಿಮೆ ಪ್ರಮಾಣದ ಬೇರೆ ಔಷಧಿ, ಹೊಟ್ಟೆಯಿಂದ ಉಸಿರಾಡುವ ಅಭ್ಯಾಸ ಕೆಲಸಕ್ಕೆ ಬರುತ್ತದೆ. 'ನಾರ್ಮಲ್ ಬಂತು, ಹಾಗಾದರೆ ನನ್ನದು ಬರೀ ಭ್ರಮೆಯಾ' ಎಂದು ಕೆಲವರು ಕಣ್ಣೀರು ಹಾಕುತ್ತಾರೆ. ಭ್ರಮೆಯಲ್ಲ, ಉರಿ ನಿಜ. ಅದರ ಮೂಲ ಮಾತ್ರ ಬೇರೆ.

ಮರುದಿನ ನಳಿಕೆ ತೆಗೆಯಲು ಎರಡೇ ಸೆಕೆಂಡು. ಟೇಪ್ ಕೀಳುವಾಗಲೇ ಅದಕ್ಕಿಂತ ಜಾಸ್ತಿ ಉರಿಯುತ್ತದೆ. ಗಂಟಲು, ಮೂಗು ಒಂದು ದಿನ ಸ್ವಲ್ಪ ಕೆರೆದ ಹಾಗಿರಬಹುದು, ಉಗುರು ಬೆಚ್ಚಗಿನ ಉಪ್ಪುನೀರು ಸಾಕು. ಬರೆದ ಹಾಳೆಯನ್ನು ಮರೆಯದೆ ಕೊಡಿ, ಮನೆಯಲ್ಲೇ ಬಿಟ್ಟು ಬರುವವರು ಬಹಳ. ಮಾತ್ರೆ ಅವತ್ತೇ ಶುರು ಮಾಡಬೇಕೋ, ರಿಪೋರ್ಟ್ ಬರುವವರೆಗೆ ಕಾಯಬೇಕೋ ಎಂಬುದನ್ನೂ ಅಲ್ಲೇ ಕೇಳಿಕೊಂಡು ಹೊರಡಿ.